ನಿಮಿಷಕ್ಕೆ ಐದು ಪದ

ಹ್ಯಾನ್‌ಕಾಕ್ ಊರಿನ ಅಗ್ನಿಶಾಮಕ ಠಾಣೆಯ ಮಹಡಿ.
ಕೆಳಗೆ ಕೆಂಪು ಗಾಡಿ, ಮೇಲೆ ನಾವು ಹನ್ನೊಂದು ಜನ,
ಕಾಫಿಯ ಹಂಡೆ, ಗೋಡೆಗೊರಗಿ ನೀರಿಳಿಸುವ ಬೂಟುಗಳು.
ಹವ್ಯಾಸಿ ರೇಡಿಯೊ ಸಂಘದ ಮುಂದೆ ಒಂದೇ ಪ್ರಶ್ನೆ:
ಲೈಸೆನ್ಸ್ ಕೇಳಿ ಬಂದವರಿಗೆ ಮೋರ್ಸ್ ಪರೀಕ್ಷೆ
ಇನ್ನೂ ಬೇಕೋ, ಸಾಕೋ.
ಸೋಮವಾರದೊಳಗೆ ವಾಷಿಂಗ್ಟನ್ನಿಗೆ ಕಾಗದ ಹೋಗಬೇಕು.

ಬೇಕು ಅಂದೆ. ಎದ್ದು ನಿಲ್ಲಲೂ ಇಲ್ಲ.
ಇಪ್ಪತ್ತೆರಡು ವರ್ಷ ಟೇಪಿನ ಗುಂಡಿ ಒತ್ತಿದ ಹೆಬ್ಬೆರಳು ನನ್ನದು.
ಐದು ನಿಮಿಷದ ಟೇಪು, ನಿಮಿಷಕ್ಕೆ ಐದು ಪದ,
ಕೂಸು ಅಂಬೆಗಾಲಿಡುವ ವೇಗ.
ಅಷ್ಟೂ ಆಗದವರಿಗೆ ಆಕಾಶವೇಕೆ?

ಡೇಲ್ ರೌತಿಯೊ ಬಾಯಿ ಹಾಕಿದ, ಗರಗಸದ ಮಿಲ್ಲಿನ ಹುಡುಗ:
"ಹಡಗಿನವರೇ ಬಿಟ್ಟರಲ್ಲ ಮಾರಾಯರೆ.
ಮೀನು ಹಿಡಿಯುವ ಪರವಾನಗಿಗೆ
ಬಲೆ ನೇಯ್ದು ತೋರಿಸು ಅಂತೀರಾ?"
ಎಲ್ಲರೂ ನಕ್ಕರು. ನನಗೂ ನಗು ಬಂತು, ನುಂಗಿದೆ.

ಹೇಳಬೇಕೆಂದಿದ್ದು ಬೇರೆ.
ತಾಮ್ರದ ಗಣಿಯ ಕಾಲಕ್ಕೆ ಹಡಗೇರಿ ಬಂದ ನನ್ನಜ್ಜಿ
ಒಲೆಯ ಮುಂದೆ ಕೂರಿಸಿ ಫಿನ್ನಿಷ್ ಕಲಿಸಿದಳು:
ತುಲಿ ಅಂದರೆ ಬೆಂಕಿ. ತೂಲಿ ಅಂದರೆ ಗಾಳಿ.
ಒಂದು ಮಾತ್ರೆ ಎಳೆದರೆ ಬೆಂಕಿ ಹೋಗಿ ಗಾಳಿ.
"ಅಳೆದು ಆಡು ಮಗಾ, ಮನೆ ಸುಟ್ಟೀತು."
ಹಾಗಾಗಿ ಮೋರ್ಸ್ ನನಗೆ ಹೊಸದೆನಿಸಲೇ ಇಲ್ಲ:
ಲಘು, ಗುರು. ಇಲ್ಲಿ ಗುರುವಿಗೆ ಮೂರು ಮಾತ್ರೆ,
ಅದೊಂದೇ ದುಬಾರಿ.

ಐನೊನ ಸುದ್ದಿಯನ್ನೂ ತೆಗೆಯಬೇಕಿತ್ತು.
ಎದುರು ಕೂತರೆ ಮಾತಿಲ್ಲ, ಮೋರ್ಸ್ ಕೀ ಹಿಡಿದರೆ ವಾಚಾಳಿ.
ಗಣಿಯಲ್ಲಿ ಮುರಿದ ಮಣಿಕಟ್ಟು;
ವೈ ಅಕ್ಷರದ ಕೊನೆಯ ಗುರು ತುಸು ಕುಂಟುತ್ತಿತ್ತು.
ಹೆಸರು ಬರುವ ಮೊದಲೇ ಗೊತ್ತು, ಅವನೇ.
ಅವನು ತೀರಿದ ವಾರ ಏಳು ರಾತ್ರಿ
ಆ ಕುಂಟಿಗಾಗಿ ಕಿವಿಯಿಟ್ಟು ಕೂತಿದ್ದೆ.
ಮೈಕು ಹಿಡಿದು ಅರಚುವವರ ನಡುವೆ
ಯಾರ ಕುಂಟು ಯಾರಿಗೆ ಕೇಳೀತು?

ಆಗ ಲೆಂಪಿ ಹೈಕ್ಕಿಲ ಕೈಯೆತ್ತಿದಳು,
ಶಾಲೆಯ ಅಡುಗೆಯವಳು, ಹುಟ್ಟಿನಿಂದ ಕಿವಿ ಕೇಳದು.
ಹದಿಮೂರು ವರ್ಷದ ಹಿಂದೆ ಇದೇ ಮೇಜಿನಲ್ಲಿ
ಸ್ಪೀಕರಿನ ಕಾಗದದ ಮೇಲೆ ಮೂರು ಬೆರಳಿಟ್ಟು
ಮಗುವಿನ ಜ್ವರ ನೋಡುವವಳಂತೆ ಕೂತಿದ್ದಳು,
ಇನ್ನೊಂದು ಕೈ ಬರೆಯುತ್ತಿತ್ತು, ಒಂದೂ ತಪ್ಪದೆ.
ಯಾರು ಕೈಬಿಟ್ಟರೂ ಇವಳು ನನ್ನ ಕಡೆ ಅಂದುಕೊಂಡೆ.

ಚೀಟಿ ಬಂತು, ಕೈಯಿಂದ ಕೈಗೆ:
"ಸಾಕು. ನನಗೆ ಆಸೆಯಿತ್ತು, ಕಲಿತೆ.
ನನ್ನ ಆಸೆಯನ್ನು ಇನ್ನೊಬ್ಬರ ಬಾಗಿಲಿಗೆ ಅಗುಳಿ ಮಾಡಬೇಡಿ.
ಲೆನಿ ತೆರ್ವೊನನ್ನು ಕೇಳಿದಿರಾ?"

ಲೆನಿ. ಊರಿನ ಅರ್ಧ ಆಂಟೆನಾ ಏರಿಸಿದ್ದು ಅವನು.
ಮೂರು ಸಲ ಕೂತ, ಮೂರು ಸಲ ಫೇಲು.
ಮೂರನೆಯ ಸಲ, ಟೇಪಿನ ನಡುವೆ, ಕಿಟಕಿಯ ಕೆಳಗೆ
ಹಿಮ ಗುಡಿಸುವ ಗಾಡಿ ಹೋಯಿತು, ಚಕ್ರದ ಸರಪಳಿ ಗಲಗಲ.
ಮತ್ತೆ ಹಾಕಬಹುದಿತ್ತು. ಹಾಕಲಿಲ್ಲ.
ನಿಯಮ ಅಂದೆ. ಗಡಿಯಾರ ನೋಡಿದೆ.
ಮನೆಯಲ್ಲಿ ಸೌನಾ ಕಾದಿತ್ತು.

ಕೈಗಳನ್ನು ಎಣಿಸಿದರು: ಐದು, ಐದು.
ಹನ್ನೊಂದನೆಯದು ಕಾಫಿ ಲೋಟದ ಮೇಲೇ ಇತ್ತು.
ಕಾಗದ ಹೋಗಲಿಲ್ಲ. ವಾಷಿಂಗ್ಟನ್
ಆ ಲೋಟ ಆರುವುದಕ್ಕೆ ಕಾಯಲಿಲ್ಲ.

ಪರೀಕ್ಷೆ ಎತ್ತಿದರೆಂದು ತಿಳಿದ ರಾತ್ರಿ
ನಲವತ್ತು ಮೀಟರಿನಲ್ಲಿ ಕರೆದೆ.
ಬಹಳ ಹೊತ್ತು ಬರೀ ಚರಚರ, ಬಾಣಲೆಯ ಎಣ್ಣೆಯಂತೆ.
ಆಮೇಲೆ ಯಾರೋ, ಸಸ್ಕಾಚೆವಾನ್ ಕಡೆಯವರು,
ಯಾರೂ ಪರೀಕ್ಷಿಸದ ಕೈ:
ಅಕ್ಷರ ಅಕ್ಷರದ ನಡುವೆ ಗೋಧಿ ಹೊಲದಷ್ಟು ಜಾಗ,
ತಪ್ಪಿದಲ್ಲಿ ಎಂಟು ಲಘು, ಮತ್ತೆ ಮೊದಲಿಂದ.
ಹೆಸರು ಹೇಳಿ ಮುಗಿಸಲು ಮೂರು ನಿಮಿಷ.
ಐದಕ್ಕೂ ಎಷ್ಟೋ ಕಮ್ಮಿ.

ನನ್ನ ಕೈಯ ವೇಗ ಇಳಿಸಿದೆ.
ಸಾಲಲಿಲ್ಲ. ಇನ್ನೂ ಇಳಿಸಿದೆ,
ಮೊಣಕಾಲು ನೆಲ ಮುಟ್ಟುವವರೆಗೆ.